‘ನಾನು ಭೇದ ಮಾಡಲ್ಲ’ ಅನ್ನುವವರೂ ಭೇದ ಮಾಡುತ್ತಾರಾ? ಕೆಲಸದ ಜಾಗದ ಅರಿವಿಲ್ಲದ ಪೂರ್ವಗ್ರಹದ ಬಗ್ಗೆ ತಿಳಿಯಬೇಕಾದದ್ದು

ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಒಂದು ಒಗಟು ನಿಮಗೂ ಬಂದಿರಬಹುದು. ತಂದೆ ಮತ್ತು ಮಗ ಕಾರಿನಲ್ಲಿ ಹೋಗುವಾಗ ಅಪಘಾತವಾಗುತ್ತದೆ. ತಂದೆ ಸ್ಥಳದಲ್ಲೇ ಸಾಯುತ್ತಾರೆ. ಮಗನನ್ನು ಆಸ್ಪತ್ರೆಗೆ ತರುತ್ತಾರೆ. ಆಪರೇಷನ್ ಮಾಡಬೇಕಾದ ಸರ್ಜನ್ ಹುಡುಗನ ಮುಖ ನೋಡಿ, “ಇವನು ನನ್ನ ಮಗ, ನನ್ನ ಕೈಲಿ ಆಪರೇಷನ್ ಮಾಡೋಕಾಗಲ್ಲ” ಅನ್ನುತ್ತಾರೆ. ಸರ್ಜನ್ ಯಾರು?

ಉತ್ತರ: ಹುಡುಗನ ತಾಯಿ. ಕನ್ನಡದಲ್ಲಿ ‘ಅನ್ನುತ್ತಾರೆ’ ಎಂದರೆ ಗಂಡಸೂ ಆಗಬಹುದು, ಹೆಂಗಸೂ ಆಗಬಹುದು. ಆದರೂ ಬಹಳ ಜನ ಮಲತಂದೆ, ದತ್ತು ತಂದೆ ಎಂದೆಲ್ಲ ಯೋಚಿಸಿ ಕೊನೆಗೆ ತಾಯಿಗೆ ಬರುತ್ತಾರೆ. ಕೆಲವು ಫಾರ್ವರ್ಡ್‌ಗಳು ಇಲ್ಲಿಗೆ ನಿಲ್ಲುವುದಿಲ್ಲ. “ಉತ್ತರ ಹೊಳೆಯದಿದ್ದರೆ ನೀವು ಸ್ತ್ರೀವಿರೋಧಿ” ಎಂಬ ತೀರ್ಪನ್ನೂ ಕೊಡುತ್ತವೆ.

ಆ ತೀರ್ಪು ಸರಿಯಲ್ಲ. ಹೆಣ್ಣುಮಕ್ಕಳನ್ನು ಓದಿಸಿದ ತಂದೆಯೂ, ಸ್ವತಃ ವೈದ್ಯೆಯಾಗಿರುವವರೂ ಈ ಒಗಟಿನಲ್ಲಿ ತಡವರಿಸಬಹುದು. ಆದರೆ ಇದೇ ತಡವರಿಕೆ ಕೆಲಸಕ್ಕೆ ಜನರನ್ನು ಆರಿಸುವ ಮೇಜಿನ ಮುಂದೆ, ಬಡ್ತಿ ಪಟ್ಟಿ ತಯಾರಿಸುವಾಗ, ಸಂಬಳ ನಿಗದಿ ಮಾಡುವಾಗ ಆದರೆ ಒಬ್ಬರ ಅನ್ನವೇ ಹೋಗಬಹುದು. ಆದ್ದರಿಂದ ಇದನ್ನು ತಮಾಷೆಯ ಒಗಟಿನಾಚೆಗೆ ನೋಡೋಣ.

ಒಂದೇ ನೋಟದಲ್ಲಿ

- ನಮಗೆ ಗೊತ್ತಿಲ್ಲದಂತೆಯೇ ಹೆಸರು, ಲಿಂಗ, ಊರು, ಭಾಷೆ, ಜಾತಿ, ಧರ್ಮ, ವಯಸ್ಸು ನೋಡಿ ಮನಸ್ಸು ಮಾಡುವ ಅವಸರದ ಅಂದಾಜಿಗೆ ಅರಿವಿಲ್ಲದ ಪೂರ್ವಗ್ರಹ ಎನ್ನುತ್ತಾರೆ.
- ಒಂದೇ ಅರ್ಹತೆ ಇದ್ದರೂ ಹೆಸರು ಬದಲಾದರೆ ಸಂದರ್ಶನದ ಕರೆ ಕಡಿಮೆಯಾಗುತ್ತದೆ ಎಂಬುದಕ್ಕೆ ಭಾರತದಲ್ಲೂ ಪುರಾವೆ ಇದೆ.
- ಒಂದು ದಿನದ ತರಬೇತಿಯಿಂದ ಇದು ಹೋಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ.
- ಮನಸ್ಸನ್ನು ತೊಳೆಯುವುದಕ್ಕಿಂತ ನಿರ್ಧಾರ ಮಾಡುವ ಕ್ರಮವನ್ನು ಬದಲಿಸುವುದು ಸುಲಭ, ಫಲವೂ ಹೆಚ್ಚು.

ಅರಿವಿಲ್ಲದ ಪೂರ್ವಗ್ರಹ ಎಂದರೇನು?

ನಮ್ಮ ಮಿದುಳು ಸದಾ ಅಡ್ಡದಾರಿ ಹಿಡಿಯುತ್ತದೆ. ಮೋಡ ಕವಿದರೆ ಕೊಡೆ ತೆಗೆದುಕೊಳ್ಳುತ್ತೇವೆ, ಹಾಲು ಹುಳಿ ವಾಸನೆ ಬಂದರೆ ಚೆಲ್ಲುತ್ತೇವೆ. ಪ್ರತಿ ಸಲವೂ ಕೂತು ಯೋಚಿಸಿದರೆ ದಿನ ಸಾಗುವುದಿಲ್ಲ. ಹಿಂದೆ ಕಂಡದ್ದು, ಕೇಳಿದ್ದು, ಸಿನಿಮಾದಲ್ಲಿ ನೋಡಿದ್ದು ಎಲ್ಲವನ್ನೂ ಸೇರಿಸಿ ಮಿದುಳು ಒಂದು ಅಂದಾಜು ಕಟ್ಟುತ್ತದೆ.

ಹಾಲಿನ ವಿಷಯದಲ್ಲಿ ಇದು ಉಪಕಾರಿ. ಮನುಷ್ಯರ ವಿಷಯದಲ್ಲಿ ತೊಂದರೆ. ಎದುರಿಗಿರುವವರು ಬಾಯಿ ಬಿಡುವ ಮೊದಲೇ ಅವರ ಗುಂಪಿನ ಬಗ್ಗೆ ನಮ್ಮಲ್ಲಿರುವ ಚಿತ್ರ ಅವರ ಮೇಲೆ ಕೂತುಬಿಡುತ್ತದೆ. ಡ್ರೈವರ್ ಎಂದರೆ ಗಂಡಸು, ನರ್ಸ್ ಎಂದರೆ ಹೆಂಗಸು, ವಯಸ್ಸಾದವರಿಗೆ ಕಂಪ್ಯೂಟರ್ ಬರುವುದಿಲ್ಲ, ಹಳ್ಳಿಯವರಿಗೆ ಇಂಗ್ಲಿಷ್ ಬರುವುದಿಲ್ಲ, ಇಂಗ್ಲಿಷ್ ಬಂದವರು ಬುದ್ಧಿವಂತರು: ಹೀಗೆ ಪಟ್ಟಿ ಉದ್ದ.

ಈ ವಿಷಯವನ್ನು ಮನಶ್ಶಾಸ್ತ್ರದಲ್ಲಿ ಗಟ್ಟಿಯಾಗಿ ನೆಲೆಗೊಳಿಸಿದವರಲ್ಲಿ ಇಬ್ಬರು ಆಂಥನಿ ಗ್ರೀನ್‌ವಾಲ್ಡ್ ಮತ್ತು ಮಹಜರಿನ್ ಬನಾಜಿ. ಬನಾಜಿ ಅವರು ಸಿಕಂದರಾಬಾದಿನಲ್ಲಿ ಹುಟ್ಟಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಆಮೇಲೆ ಅಮೆರಿಕಕ್ಕೆ ಹೋದವರು. ಇಬ್ಬರೂ ಸೇರಿ 1995ರಲ್ಲಿ ಬರೆದ ಪ್ರಬಂಧ ಈ ಚರ್ಚೆಗೆ ತಳಹದಿ ಹಾಕಿತು. 1998ರಲ್ಲಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು ‘ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್’ ಎಂಬ ಕಂಪ್ಯೂಟರ್ ಪರೀಕ್ಷೆಯನ್ನು ಪ್ರಕಟಿಸಿದರು. ಪರದೆಯ ಮೇಲೆ ಬರುವ ಪದ ಅಥವಾ ಚಿತ್ರಗಳನ್ನು ಎರಡು ಗುಂಪುಗಳಿಗೆ ಬೇಗ ಬೇಗ ಹಂಚಬೇಕು. ‘ಗಂಡು–ಕಚೇರಿ’ ಎಂದು ಜೋಡಿಸುವಾಗ ಕೈ ಸರಾಗವಾಗಿ ಓಡಿ, ‘ಹೆಣ್ಣು–ಕಚೇರಿ’ ಎಂದು ಜೋಡಿಸುವಾಗ ತಡವಾದರೆ, ಮನಸ್ಸಿನಲ್ಲಿ ಮೊದಲ ಜೋಡಿಯ ನಂಟು ಬಲವಾಗಿದೆ ಎಂದು ಲೆಕ್ಕ. ಈ ಪರೀಕ್ಷೆಯ ಮಿತಿಯನ್ನು ಮುಂದೆ ನೋಡೋಣ.

ಇಲ್ಲಿ ಒಂದು ಗೆರೆ ಎಳೆಯಲೇಬೇಕು. “ಆ ಜಾತಿಯವರನ್ನು ತಗೊಳ್ಳೋದು ಬೇಡ”, “ಮದುವೆಯಾದ ಹೆಣ್ಣುಮಕ್ಕಳು ಬೇಡ” ಎಂದು ತಿಳಿದೇ ಹೇಳುವುದು ಅರಿವಿಲ್ಲದ ಪೂರ್ವಗ್ರಹವಲ್ಲ. ಅದು ನೇರ ತಾರತಮ್ಯ. ಅದಕ್ಕೆ ಈ ಮೆತ್ತನೆಯ ಹೆಸರಿನ ಹೊದಿಕೆ ಹೊದಿಸಬಾರದು.

ಇದಕ್ಕೆ ಪುರಾವೆ ಇದೆಯೇ?

ಇದೆ. ಸಂಶೋಧಕರು ಬಳಸುವ ವಿಧಾನ ಬಹಳ ಸರಳ. ಓದು, ಅನುಭವ ಎಲ್ಲ ಸಮನಾಗಿರುವ ರೆಸ್ಯೂಮ್‌ಗಳನ್ನು ತಯಾರಿಸಿ, ಹೆಸರು ಮಾತ್ರ ಬದಲಿಸಿ, ನಿಜವಾದ ಉದ್ಯೋಗ ಜಾಹೀರಾತುಗಳಿಗೆ ಕಳಿಸುವುದು. ಯಾರಿಗೆ ಎಷ್ಟು ಕರೆ ಬಂತು ಎಂದು ಎಣಿಸುವುದು.

ಅಮೆರಿಕದ ಬಾಸ್ಟನ್ ಮತ್ತು ಶಿಕಾಗೊ ನಗರಗಳಲ್ಲಿ ಸುಮಾರು 5,000 ರೆಸ್ಯೂಮ್‌ಗಳನ್ನು ಹೀಗೆ ಕಳಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಬಿಳಿಯರದ್ದೆಂದು ತೋರುವ ಹೆಸರಿಗೆ ಸುಮಾರು 10 ಅರ್ಜಿಗೆ ಒಂದು ಕರೆ ಬಂದರೆ, ಕಪ್ಪು ವರ್ಣೀಯರದ್ದೆಂದು ತೋರುವ ಹೆಸರಿಗೆ ಒಂದು ಕರೆ ಬರಲು ಸುಮಾರು 15 ಅರ್ಜಿ ಬೇಕಾಯಿತು.

ಭಾರತದಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಇದೇ ಬಗೆಯ ಅಧ್ಯಯನ ಮಾಡಿದರು. 66 ವಾರಗಳ ಕಾಲ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಫಲಿತಾಂಶ 2007ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬಂತು. ಅರ್ಹತೆ ಸಮನಾಗಿದ್ದರೂ, ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಮುಂದಿನ ಹಂತ ತಲುಪುವ ಸಂಭವಾನುಪಾತ ಮೂರನೇ ಎರಡರಷ್ಟಿತ್ತು. ಮುಸ್ಲಿಂ ಹೆಸರಿಗೆ ಅದು ಮೂರನೇ ಒಂದರಷ್ಟು ಮಾತ್ರ.

ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ ಎಂಬುದನ್ನೂ ಹೇಳಬೇಕು. ದೆಹಲಿ ಸುತ್ತಮುತ್ತ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಫ್ಟ್‌ವೇರ್ ಕೆಲಸಗಳಿಗೆ ಜಾತಿಯ ಆಧಾರದ ವ್ಯತ್ಯಾಸ ಕಾಣಲಿಲ್ಲ. ಕಾಲ್ ಸೆಂಟರ್ ಕೆಲಸಗಳಲ್ಲಿ ಕಂಡಿತು. ಇದಕ್ಕೊಂದು ವಿವರಣೆ ಹೀಗಿರಬಹುದು: ಪ್ರೋಗ್ರಾಮಿಂಗ್ ಬರುತ್ತದೋ ಇಲ್ಲವೋ ಎಂದು ಅಳೆಯಬಹುದು. ‘ಮಾತು ಚೆನ್ನಾಗಿದೆಯೇ, ನಡವಳಿಕೆ ಹೇಗೆ’ ಎಂಬುದಕ್ಕೆ ಅಳತೆಗೋಲಿಲ್ಲ. ಅಳತೆ ಇಲ್ಲದ ಕಡೆ ಅಂದಾಜು ನುಗ್ಗುತ್ತದೆ.

ಜಾತಿ, ಧರ್ಮದ ಆಚೆಗೂ ಇದು ನಡೆಯುತ್ತದೆ. ಅಮೆರಿಕದಲ್ಲಿ ಶೆಲ್ಲಿ ಕೊರೆಲ್ ಮತ್ತು ಸಂಗಡಿಗರ 2007ರ ಅಧ್ಯಯನದಲ್ಲಿ, ಸಮಾನ ಅರ್ಹತೆಯ ಅರ್ಜಿಗಳಲ್ಲಿ ‘ತಾಯಿ’ ಎಂಬ ಸುಳಿವು ಇದ್ದವರಿಗೆ ಕರೆ ಕಡಿಮೆ ಬಂತು. ಇಷ್ಟು ಸಂಬಳ ಕೊಡಬಹುದು ಎಂದು ಜನ ಸೂಚಿಸಿದ ಮೊತ್ತವೂ ಕಡಿಮೆಯಿತ್ತು. ‘ತಂದೆ’ ಎಂಬ ಸುಳಿವಿನಿಂದ ಗಂಡಸರಿಗೆ ಅಂಥ ನಷ್ಟ ಆಗಲಿಲ್ಲ.

ಈ ಅಧ್ಯಯನಗಳು ತೋರಿಸುವುದು ವ್ಯತ್ಯಾಸವನ್ನು. ಅರ್ಜಿ ಪಕ್ಕಕ್ಕಿಟ್ಟವರು ತಿಳಿದು ಇಟ್ಟರೋ ತಿಳಿಯದೆ ಇಟ್ಟರೋ ಎಂಬುದನ್ನು ಎಣಿಕೆ ಹೇಳಲಾರದು. ಕೆಲಸ ತಪ್ಪಿದವರಿಗೆ ಆ ವ್ಯತ್ಯಾಸದಿಂದ ಉಪಯೋಗವೂ ಇಲ್ಲ. ಹಾಗಾಗಿ “ಅವರ ಮನಸ್ಸಿನಲ್ಲಿ ಏನಿತ್ತು” ಎಂಬ ಪ್ರಶ್ನೆಗಿಂತ “ಹೀಗಾಗಲು ಜಾಗ ಕೊಟ್ಟದ್ದು ಯಾವ ಕ್ರಮ” ಎಂಬ ಪ್ರಶ್ನೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ನಮ್ಮ ಕಚೇರಿ, ಅಂಗಡಿ, ಕಾರ್ಖಾನೆಗಳಲ್ಲಿ ಇದು ಎಲ್ಲಿ ಅಡಗಿರುತ್ತದೆ?

ಅರ್ಜಿ ನೋಡುವಾಗ. ನಮ್ಮಲ್ಲಿ ಹೆಸರು ಬರೀ ಹೆಸರಲ್ಲ. ಹೆಸರಿನ ಕೊನೆಯ ಪದದಿಂದ ಜಾತಿ, ಇನಿಷಿಯಲ್‌ನಿಂದ ಊರು, ಓದಿದ ಶಾಲೆಯಿಂದ ಮಾಧ್ಯಮ, ಫೋಟೊದಿಂದ ಬಣ್ಣ ಎಲ್ಲವೂ ಮೊದಲ ಹತ್ತು ಸೆಕೆಂಡಿನಲ್ಲೇ ತಿಳಿಯುತ್ತವೆ. ಕೆಲಸಕ್ಕೆ ಬೇಕಾದ ಕೌಶಲದ ಸಾಲು ಎರಡನೇ ಪುಟದಲ್ಲಿರುತ್ತದೆ.

ಸಂದರ್ಶನದಲ್ಲಿ. “ಯಾವ ಕಡೆಯವರು?”, “ತಂದೆ ಏನು ಮಾಡ್ತಾರೆ?” ಎಂಬ ಪ್ರಶ್ನೆಗಳು ನಮಗೆ ಸಹಜ ಕುಶಲೋಪರಿಯಂತೆ ಕೇಳಿಸುತ್ತವೆ. ಸಮಾಜಶಾಸ್ತ್ರಜ್ಞರಾದ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ 25 ಕಂಪನಿಗಳ ನೇಮಕಾತಿ ಅಧಿಕಾರಿಗಳನ್ನು ಮಾತಾಡಿಸಿ 2007ರಲ್ಲಿ ಬರೆದ ಅಧ್ಯಯನ ಇದನ್ನೇ ಗಮನಿಸಿದೆ. ತಾವು ಪ್ರತಿಭೆಯನ್ನು ಮಾತ್ರ ನೋಡುತ್ತೇವೆ ಎಂದ ಅಧಿಕಾರಿಗಳೇ ಅಭ್ಯರ್ಥಿಯ ‘ಕುಟುಂಬದ ಹಿನ್ನೆಲೆ’ ಮುಖ್ಯ ಎಂದೂ ಹೇಳಿದ್ದರು. ತಂದೆ ಅಧಿಕಾರಿಯಾಗಿದ್ದರೆ ಒಂದು ಲೆಕ್ಕ, ಕೂಲಿಯಾಗಿದ್ದರೆ ಇನ್ನೊಂದು ಲೆಕ್ಕ. ಜಾತಿಯ ಹೆಸರು ಎತ್ತದೆಯೇ ಜಾತಿ ಒಳಗೆ ಬರುವ ದಾರಿ ಇದು.

ಮಾತಿನ ಧಾಟಿಯೂ ಹೀಗೆಯೇ. ಹುಬ್ಬಳ್ಳಿ, ಕಲಬುರಗಿ ಕಡೆಯ ಕನ್ನಡ ಬೆಂಗಳೂರಿನ ಕಿವಿಗೆ ‘ಒರಟು’ ಅನ್ನಿಸಬಹುದು. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿನಲ್ಲಿ ಪದ ಹುಡುಕುವ ಎರಡು ಕ್ಷಣ ‘ವಿಷಯ ಗೊತ್ತಿಲ್ಲ’ ಎಂದು ಅಂಕಪಟ್ಟಿಗೆ ಇಳಿಯಬಹುದು. ಇಂಗ್ಲಿಷ್ ಬೇಕಾದ ಕೆಲಸವಾದರೆ ಇಂಗ್ಲಿಷ್ ಅಳೆಯುವುದು ಸರಿ. ಲೆಕ್ಕ ಬರೆಯುವ, ಯಂತ್ರ ನಡೆಸುವ ಕೆಲಸಕ್ಕೆ ಇಂಗ್ಲಿಷಿನ ಶೈಲಿಯನ್ನು ಅಳೆದರೆ ಅದು ಬೇರೇನನ್ನೋ ಅಳೆದಂತೆ.

ಇನ್ನೊಂದು ಬಲೆ ‘ನಮ್ಮಂಥವರು’. ನಮ್ಮ ಕಾಲೇಜು, ನಮ್ಮ ಊರು, ನಾವು ಬೆಂಬಲಿಸುವ ಕ್ರಿಕೆಟ್ ತಂಡ ಎಂದ ಕೂಡಲೇ ಸಂದರ್ಶನ ಹರಟೆಯಾಗುತ್ತದೆ, ಅಭ್ಯರ್ಥಿ ‘ಚುರುಕು’ ಅನ್ನಿಸುತ್ತಾರೆ. “ನಮ್ಮ ಟೀಮಿಗೆ ಹೊಂದಿಕೊಳ್ತಾರೆ” ಎಂಬ ಮಾತಿನ ಹಿಂದೆ ಬಹಳ ಸಲ ಇರುವುದು ಇಷ್ಟೇ.

ಕೆಲಸ ಹಂಚುವಾಗ. ಮೀಟಿಂಗಿನ ಟಿಪ್ಪಣಿ ಬರೆಯುವುದು, ಹುಟ್ಟುಹಬ್ಬದ ಕೇಕ್ ತರಿಸುವುದು, ಅತಿಥಿಗಳಿಗೆ ಹೂಗುಚ್ಛ ಕೊಡುವುದು ಯಾರ ಪಾಲಿಗೆ ಬರುತ್ತದೆ ನೋಡಿ. ಗ್ರಾಹಕರನ್ನು ಭೇಟಿಯಾಗುವ, ಹೊರ ಊರಿಗೆ ಹೋಗುವ ಕೆಲಸ ಯಾರಿಗೆ ಹೋಗುತ್ತದೆ ನೋಡಿ. “ಪಾಪ, ಚಿಕ್ಕ ಮಗು ಇದೆ, ಅವರಿಗೆ ಈ ಪ್ರಾಜೆಕ್ಟ್ ಬೇಡ” ಎಂಬುದು ಕಾಳಜಿಯಂತೆ ಕಾಣುತ್ತದೆ. ಅವರನ್ನು ಕೇಳದೆ ಮಾಡಿದ ಈ ನಿರ್ಧಾರ ಎರಡು ವರ್ಷದ ನಂತರ “ಅವರಿಗೆ ದೊಡ್ಡ ಪ್ರಾಜೆಕ್ಟಿನ ಅನುಭವವಿಲ್ಲ” ಎಂದು ಬಡ್ತಿ ತಪ್ಪಿಸುತ್ತದೆ. ಅಂಗವಿಕಲ ಸಹೋದ್ಯೋಗಿಗಳಿಗೂ ಇಂಥ ‘ಕಾಳಜಿ’ಯಿಂದಲೇ ಹೆಚ್ಚು ನಷ್ಟವಾಗಬಹುದು.

ಅಪ್ರೈಸಲ್‌ನಲ್ಲಿ. ಒಂದೇ ನಡವಳಿಕೆಗೆ ಎರಡು ಹೆಸರು ಇರುತ್ತವೆ. ಅವನು ಖಡಕ್, ಅವಳು ಜಗಳಗಂಟಿ. ಅವನು ಮಗನ ಶಾಲೆಗೆ ಹೋಗಲು ಬೇಗ ಹೊರಟರೆ ಜವಾಬ್ದಾರಿಯ ಮನುಷ್ಯ, ಅವಳು ಹೊರಟರೆ ಮನಸ್ಸೆಲ್ಲ ಮನೆಯಲ್ಲೇ. ಇಷ್ಟದವರು ತಪ್ಪಿದರೆ ‘ಪರಿಸ್ಥಿತಿ ಹಾಗಿತ್ತು’, ಬೇರೆಯವರು ತಪ್ಪಿದರೆ ‘ಅವರೇ ಹಾಗೆ’. ವರ್ಷದ ಸಾಧನೆ ಮರೆತು ಕೊನೆಯ ತಿಂಗಳ ನೆನಪಿನ ಮೇಲೆ ಬರೆದ ಅಪ್ರೈಸಲ್‌ಗಳಲ್ಲಿ ಇವೆಲ್ಲ ಸುಲಭವಾಗಿ ಸೇರಿಕೊಳ್ಳುತ್ತವೆ.

ಈ ಸಣ್ಣ ಸಣ್ಣ ತೂಕಗಳು ಮೇಲಕ್ಕೆ ಹೋದಂತೆ ಕೂಡುತ್ತಾ ಹೋಗುತ್ತವೆ. ಭಾರತದ 1,000 ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಸದಸ್ಯರಲ್ಲಿ ಶೇ 92ಕ್ಕೂ ಹೆಚ್ಚು ಮಂದಿ ಮುಂದುವರಿದ ಜಾತಿಗಳವರು. ಇದಕ್ಕೆ ಪೂರ್ವಗ್ರಹ ಒಂದೇ ಕಾರಣವಲ್ಲ. ಆಸ್ತಿ, ಓದು, ಕುಟುಂಬದ ಒಡೆತನ, ತಲೆಮಾರುಗಳ ನಂಟು ಎಲ್ಲವೂ ಇವೆ. ಆದರೆ ಪೂರ್ವಗ್ರಹ ಬೆಳೆಯಲು ಬೇಕಾದ ಮಣ್ಣು ಎಲ್ಲಿಂದ ಬರುತ್ತದೆ ಎಂಬುದನ್ನು ಈ ಅಂಕಿ ತೋರಿಸುತ್ತದೆ: ಮೇಲಿನ ಕುರ್ಚಿಯಲ್ಲಿ ಒಂದೇ ಬಗೆಯವರನ್ನು ನೋಡಿ ಬೆಳೆದ ಕಣ್ಣಿಗೆ ಕುರ್ಚಿಗೆ ತಕ್ಕವರು ಹೀಗೇ ಇರಬೇಕು ಅನ್ನಿಸಿಬಿಡುತ್ತದೆ.

ಫಾರ್ವರ್ಡ್‌ಗಳಲ್ಲಿ ಬರುವ ಮಾತುಗಳು: ಯಾವುದು ಸರಿ, ಯಾವುದು ತಪ್ಪು?

ಹೇಳಿಕೆ 1: “ಐದು ನಿಮಿಷದ ಈ ಟೆಸ್ಟ್ ಮಾಡಿ, ನಿಮ್ಮೊಳಗಿನ ಪೂರ್ವಗ್ರಹ ತಿಳಿಯಿರಿ.”
ಪೂರ್ತಿ ಸರಿಯಲ್ಲ. ಮೇಲೆ ಹೇಳಿದ ಕಂಪ್ಯೂಟರ್ ಪರೀಕ್ಷೆಯಲ್ಲಿ ಒಬ್ಬರದೇ ಅಂಕ ಬೇರೆ ಬೇರೆ ದಿನ ಬೇರೆಯಾಗಿ ಬರಬಹುದು. ದೊಡ್ಡ ಗುಂಪುಗಳ ಪ್ರವೃತ್ತಿ ತಿಳಿಯಲು ಅದು ಉಪಯುಕ್ತ. ಒಬ್ಬ ವ್ಯಕ್ತಿಗೆ ‘ಪೂರ್ವಗ್ರಹಿ’ ಎಂಬ ಪಟ್ಟಿ ಅಂಟಿಸಲು ಅಥವಾ ಕೆಲಸಕ್ಕೆ ಆರಿಸಲು ಅದನ್ನು ಬಳಸಬಾರದು. ಕುತೂಹಲಕ್ಕೆ ಮಾಡಿ ನೋಡಬಹುದು, ತೀರ್ಪು ಎಂದುಕೊಳ್ಳಬೇಡಿ.

ಹೇಳಿಕೆ 2: “ಒಂದು ತರಬೇತಿ ಸಾಕು, ಪೂರ್ವಗ್ರಹ ಮಾಯ.”
ತಪ್ಪು. 492 ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಪರೀಕ್ಷೆಯ ಅಂಕವನ್ನು ಸ್ವಲ್ಪ ಬದಲಿಸಬಹುದು ಎಂದು ಕಂಡುಬಂತು. ಆದರೆ ಅಂಕ ಬದಲಾದದ್ದರಿಂದ ನಡವಳಿಕೆ ಬದಲಾಯಿತು ಎಂಬುದು ಕಂಡುಬರಲಿಲ್ಲ. 2018ರ ಮೇ 29ರಂದು ಸ್ಟಾರ್‌ಬಕ್ಸ್ ಕಂಪನಿ ಅಮೆರಿಕದಲ್ಲಿ ತನ್ನ 8,000ಕ್ಕೂ ಹೆಚ್ಚು ಅಂಗಡಿಗಳನ್ನು ಮಧ್ಯಾಹ್ನ ಮುಚ್ಚಿ ಸಿಬ್ಬಂದಿಗೆ ಇಂಥ ತರಬೇತಿ ಕೊಟ್ಟದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಎರಡು ವರ್ಷದ ನಂತರ, 2020ರ ಡಿಸೆಂಬರ್‌ನಲ್ಲಿ ಬ್ರಿಟನ್ ಸರ್ಕಾರ ನಡವಳಿಕೆ ಬದಲಾಗುವ ಪುರಾವೆ ಇಲ್ಲ ಎಂದು ತನ್ನ ನೌಕರರಿಗೆ ಈ ಬಗೆಯ ತರಬೇತಿಯನ್ನು ಕೈಬಿಡುವುದಾಗಿ ಹೇಳಿತು. ತರಬೇತಿಯಿಂದ ವಿಷಯ ತಿಳಿಯುತ್ತದೆ. ತಿಳಿದದ್ದು ಸೋಮವಾರದ ಸಂದರ್ಶನದಲ್ಲಿ ನೆನಪಾಗುತ್ತದೆ ಎಂಬ ಖಾತ್ರಿ ಇಲ್ಲ.

ಹೇಳಿಕೆ 3: “ಹೆಂಗಸರು ಹೆಂಗಸರಿಗೆ ಭೇದ ಮಾಡಲ್ಲ.”
ತಪ್ಪು. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 127 ವಿಜ್ಞಾನ ಪ್ರಾಧ್ಯಾಪಕರಿಗೆ ಒಂದೇ ಅರ್ಜಿ ಕೊಟ್ಟರು. ಅರ್ಧ ಜನರಿಗೆ ‘ಜಾನ್’ ಎಂಬ ಹೆಸರಿನಲ್ಲಿ, ಉಳಿದವರಿಗೆ ‘ಜೆನ್ನಿಫರ್’ ಎಂಬ ಹೆಸರಿನಲ್ಲಿ. ಜಾನ್ ಹೆಚ್ಚು ಸಮರ್ಥ ಅನ್ನಿಸಿದ, ಅವನಿಗೆ ಸೂಚಿಸಿದ ಸಂಬಳವೂ ಹೆಚ್ಚಿತ್ತು. ಪ್ರಾಧ್ಯಾಪಕರು ಗಂಡಸಾದರೂ ಹೆಂಗಸಾದರೂ ಫಲಿತಾಂಶ ಬೇರೆಯಾಗಲಿಲ್ಲ. ಒಂದೇ ಸಮಾಜದಲ್ಲಿ ಬೆಳೆದವರು ಒಂದೇ ಚಿತ್ರಗಳನ್ನು ಹೊತ್ತಿರುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಮೇಲೆ ಬಂದವರು ಕನ್ನಡ ಮಾಧ್ಯಮದವರನ್ನೇ ಕಡೆಗಣಿಸುವುದೂ ಉಂಟು.

ಹೇಳಿಕೆ 4: “ಕಂಪ್ಯೂಟರ್‌ಗೆ ಜಾತಿ, ಲಿಂಗ ಇಲ್ಲ. ಎಐ ಆರಿಸಿದರೆ ನ್ಯಾಯ.”
ತಪ್ಪು. ರೆಸ್ಯೂಮ್ ಆರಿಸಲು ಅಮೆಜಾನ್ ಪರೀಕ್ಷಿಸುತ್ತಿದ್ದ ತಂತ್ರಾಂಶವೊಂದು ‘ಮಹಿಳೆಯರ’ ಎಂಬ ಪದ ಇದ್ದ ರೆಸ್ಯೂಮ್‌ಗಳಿಗೆ ಕಡಿಮೆ ಅಂಕ ಕೊಡುತ್ತಿತ್ತು ಎಂದು ರಾಯ್ಟರ್ಸ್ ಸುದ್ದಿಸಂಸ್ಥೆ 2018ರ ಅಕ್ಟೋಬರ್‌ನಲ್ಲಿ ವರದಿ ಮಾಡಿತು. ಕಂಪನಿ ಆ ಯೋಜನೆಯನ್ನು ಕೈಬಿಟ್ಟಿತ್ತು. ಹಿಂದಿನ ಹತ್ತು ವರ್ಷಗಳಲ್ಲಿ ಬಂದ ರೆಸ್ಯೂಮ್‌ಗಳಿಂದ ಆ ತಂತ್ರಾಂಶ ಕಲಿತಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರದ್ದು. ನಮ್ಮ ಹಳೆಯ ಆಯ್ಕೆಗಳನ್ನು ತಿಂದ ಯಂತ್ರ ಅದನ್ನೇ ಉಗುಳುತ್ತದೆ.

ಹೇಳಿಕೆ 5: “ಎಲ್ಲರಲ್ಲೂ ಇರುವುದೇ ತಾನೆ? ಹಾಗಾದರೆ ಯಾರದ್ದೂ ತಪ್ಪಲ್ಲ.”
ಅರ್ಧ ಮಾತ್ರ ಸರಿ. ಅಂದಾಜು ಮೂಡುವುದು ನಮ್ಮ ಕೈಯಲ್ಲಿಲ್ಲ. ಅದು ಮೂಡುತ್ತದೆ ಎಂದು ಗೊತ್ತಾದ ಮೇಲೂ ಅದೇ ಕ್ರಮದಲ್ಲಿ ಆಯ್ಕೆ ಮುಂದುವರಿಸುವುದು ನಮ್ಮ ಕೈಯಲ್ಲೇ ಇದೆ.

ಹಾಗಾದರೆ ಏನು ಮಾಡಿದರೆ ಫಲ?

“ಇನ್ನು ಮೇಲೆ ನಾನು ಪೂರ್ವಗ್ರಹ ಇಲ್ಲದೆ ಯೋಚಿಸುತ್ತೇನೆ” ಎಂಬ ಸಂಕಲ್ಪ ಒಳ್ಳೆಯದು, ಆದರೆ ಸಾಲದು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯಂತೆ, ಆ ಕಣ್ಣಿನಿಂದಲೇ ನೋಡಿ ಹಳದಿ ಎಷ್ಟಿದೆ ಎಂದು ಹೇಳಲಾಗದು. ಅದಕ್ಕೆ ಹೊರಗಿನ ಅಳತೆ ಬೇಕು. ಈ ಕೆಳಗಿನವು ಅಂಥ ಅಳತೆಗಳು. ಇವಕ್ಕೆ ದೊಡ್ಡ ಕಂಪನಿಯೇ ಬೇಕೆಂದಿಲ್ಲ, ಹತ್ತು ಜನರ ಅಂಗಡಿಯಲ್ಲೂ ಮಾಡಬಹುದು.

1. ಮುಖ ನೋಡುವ ಮೊದಲು ಅಳತೆ ಬರೆಯಿರಿ. ಈ ಕೆಲಸಕ್ಕೆ ಬೇಕಾದ ನಾಲ್ಕೈದು ಅಂಶಗಳೇನು, ಯಾವುದಕ್ಕೆ ಎಷ್ಟು ಅಂಕ ಎಂದು ಅರ್ಜಿ ತೆರೆಯುವ ಮೊದಲೇ ಕಾಗದದ ಮೇಲೆ ಬರೆದಿಡಿ. ಇಲ್ಲದಿದ್ದರೆ ಇಷ್ಟವಾದವರನ್ನು ನೋಡಿದ ಮೇಲೆ ಅವರಿಗೆ ತಕ್ಕಂತೆ ಅಳತೆ ಬದಲಾಗುತ್ತದೆ. ಒಬ್ಬರಿಗೆ ‘ಡಿಗ್ರಿ ಮುಖ್ಯ’, ಇನ್ನೊಬ್ಬರಿಗೆ ‘ಅನುಭವ ಮುಖ್ಯ’ ಎನ್ನುವುದು ಹೀಗೆಯೇ.

2. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಕ್ರಮ. ಒಂದೇ ಪ್ರಶ್ನೆಗಳನ್ನು ಕೇಳಿ, ಮೊದಲೇ ನಿಗದಿಪಡಿಸಿದ ಮಾನದಂಡದಲ್ಲಿ ಅಂಕ ಕೊಡುವ ಸಂದರ್ಶನ, ಮನಬಂದಂತೆ ಮಾತಾಡುವ ಸಂದರ್ಶನಕ್ಕಿಂತ ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಎಂಬುದನ್ನು ಸರಿಯಾಗಿ ಊಹಿಸುತ್ತದೆ. ದಶಕಗಳ ಅಧ್ಯಯನಗಳನ್ನು ಮರುಲೆಕ್ಕ ಹಾಕಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಹೋಲಿಸಿದ ಆಯ್ಕೆ ವಿಧಾನಗಳಲ್ಲೇ ಇದು ಮೊದಲ ಸ್ಥಾನದಲ್ಲಿತ್ತು. ಅಂದರೆ ಇದು ಅಭ್ಯರ್ಥಿಗೆ ಮಾಡುವ ಉಪಕಾರವಲ್ಲ. ಒಳ್ಳೆಯ ಕೆಲಸಗಾರರು ಸಿಗುವುದು ಮಾಲೀಕರಿಗೇ ಲಾಭ.

3. ಕೆಲಸ ಮಾಡಿಸಿ ನೋಡಿ. ಟೈಲರ್‌ಗೆ ಹೊಲಿಯಲು, ಅಕೌಂಟೆಂಟ್‌ಗೆ ಒಂದು ಪುಟದ ಲೆಕ್ಕ ಸರಿಪಡಿಸಲು, ಬರಹಗಾರರಿಗೆ ಅರ್ಧ ಪುಟ ಬರೆಯಲು ಕೊಡಿ. ಸಾಧ್ಯವಾದರೆ ಹೆಸರು ಮುಚ್ಚಿ ತಿದ್ದಿ.

4. ಮೊದಲು ಅಂಕ, ಆಮೇಲೆ ಚರ್ಚೆ. ಸಂದರ್ಶನ ಮಾಡಿದ ಮೂವರೂ ತಮ್ಮ ಅಂಕಗಳನ್ನು ಬೇರೆ ಬೇರೆ ಬರೆದಿಡಲಿ. ಇಲ್ಲದಿದ್ದರೆ ಹಿರಿಯರು “ಹುಡುಗ ಚೆನ್ನಾಗಿದ್ದಾನೆ” ಎಂದ ಕೂಡಲೇ ಉಳಿದವರ ಪೆನ್ನು ಅದೇ ಕಡೆ ಓಡುತ್ತದೆ.

5. ‘ಯಾಕೋ ಸರಿ ಅನ್ನಿಸ್ಲಿಲ್ಲ’ ಎಂಬುದಕ್ಕೆ ಕಾರಣ ಬರೆಸಿ. ಬರೆಯಲು ಕೂತಾಗ ಕಾರಣ ಸಿಕ್ಕರೆ ಸರಿ. ಸಿಗದಿದ್ದರೆ ಆ ಅನ್ನಿಸಿಕೆಗೆ ಅಂಕವಿಲ್ಲ.

6. ವರ್ಷಕ್ಕೊಮ್ಮೆ ಎಣಿಸಿ. ಅರ್ಜಿ ಹಾಕಿದವರು ಯಾರು, ಕರೆ ಹೋದದ್ದು ಯಾರಿಗೆ, ಕೆಲಸ ಸಿಕ್ಕದ್ದು ಯಾರಿಗೆ, ಸಂಬಳ ಏರಿದ್ದು ಯಾರದ್ದು ಎಂದು ಪಟ್ಟಿ ಮಾಡಿ. ಒಂದೊಂದು ನಿರ್ಧಾರವೂ ಸರಿಯೆಂದೇ ಕಾಣುತ್ತದೆ, ಓರೆ ಕಾಣುವುದು ಒಟ್ಟು ಪಟ್ಟಿಯಲ್ಲಿ. ಅಮೆರಿಕದ 708 ಖಾಸಗಿ ಸಂಸ್ಥೆಗಳ ಬಗೆಗಿನ 2006ರ ಅಧ್ಯಯನದಲ್ಲಿ, ಬರೀ ತರಬೇತಿ ಕೊಟ್ಟ ಕಡೆಗಿಂತ ಇದರ ಹೊಣೆಯನ್ನು ಒಬ್ಬ ವ್ಯಕ್ತಿಗೆ ಅಥವಾ ಸಮಿತಿಗೆ ಖಚಿತವಾಗಿ ವಹಿಸಿದ ಕಡೆ ಮೇಲ್ವಿಚಾರಣೆಯ ಹುದ್ದೆಗಳಲ್ಲಿ ಹೆಚ್ಚು ಬದಲಾವಣೆ ಕಂಡಿತು.

7. ಒಟ್ಟಿಗೆ ಕೆಲಸ ಮಾಡಿಸಿ, ಅಧಿಕಾರದಲ್ಲಿ ನೋಡಲು ಬಿಡಿ. ಇದಕ್ಕೆ ನಮ್ಮ ದೇಶದ್ದೇ ಎರಡು ಅಧ್ಯಯನಗಳಿವೆ.

ಮೊದಲನೆಯದು ಕ್ರಿಕೆಟ್. ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಉತ್ತರ ಪ್ರದೇಶದ ಹಳ್ಳಿಗಳಲ್ಲಿ 1,261 ಯುವಕರನ್ನು ಅಧ್ಯಯನಕ್ಕೆ ಸೇರಿಸಿಕೊಂಡು, ಅವರಲ್ಲಿ ಹಲವರಿಗೆ ಕ್ರಿಕೆಟ್ ಲೀಗ್ ಏರ್ಪಡಿಸಿದರು. ಯಾರು ಯಾವ ತಂಡ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. ಬೇರೆ ಬೇರೆ ಜಾತಿಯವರು ಒಂದೇ ತಂಡದಲ್ಲಿ ಆಡಿದಾಗ ಜಾತಿಯಾಚೆಯ ಗೆಳೆತನ ಹೆಚ್ಚಿತು, ಸ್ವಜಾತಿಯವರ ಪರ ವಾಲುವುದು ತಗ್ಗಿತು. ಎದುರಾಳಿಗಳಾಗಿ ಆಡಿದಾಗ ಈ ಲಾಭ ಸಿಗಲಿಲ್ಲ. 2021ರಲ್ಲಿ ಪ್ರಕಟವಾದ ಈ ಅಧ್ಯಯನದ ಪಾಠ ಕಚೇರಿಗೂ ಅನ್ವಯ: ಒಂದೇ ಮಹಡಿಯಲ್ಲಿ ಕೂರಿಸಿದರೆ ಸಾಲದು, ಒಂದೇ ಗುರಿಗೆ ದುಡಿಯುವಂತಿರಬೇಕು.

ಎರಡನೆಯದು ಗ್ರಾಮ ಪಂಚಾಯಿತಿ. ಪಶ್ಚಿಮ ಬಂಗಾಳದ ಹಳ್ಳಿಗರಿಗೆ ಪಂಚಾಯಿತಿ ಅಧ್ಯಕ್ಷರ ಒಂದೇ ಭಾಷಣವನ್ನು ಕೆಲವರಿಗೆ ಗಂಡು ದನಿಯಲ್ಲಿ, ಕೆಲವರಿಗೆ ಹೆಣ್ಣು ದನಿಯಲ್ಲಿ ಕೇಳಿಸಿದರು. ಮೀಸಲಾತಿಯಿಂದ ಮಹಿಳಾ ಅಧ್ಯಕ್ಷರು ಬಂದಿರದ ಹಳ್ಳಿಗಳ ಗಂಡಸರು ಹೆಣ್ಣು ದನಿಯ ಭಾಷಣಕ್ಕೆ ಕಡಿಮೆ ಅಂಕ ಕೊಟ್ಟರು. ಮಹಿಳೆಯ ಆಡಳಿತ ಕಂಡಿದ್ದ ಹಳ್ಳಿಗಳಲ್ಲಿ ಆ ವ್ಯತ್ಯಾಸ ಅಳಿದಿತ್ತು. ಕುತೂಹಲವೆಂದರೆ “ನಾಯಕ ಗಂಡಸೇ ಆಗಿರಲಿ” ಎಂಬ ಇಷ್ಟ ಬದಲಾಗಿರಲಿಲ್ಲ. ಸಾಮರ್ಥ್ಯದ ಅಂದಾಜು ಮಾತ್ರ ಸರಿಹೋಗಿತ್ತು. 2009ರಲ್ಲಿ ಪ್ರಕಟವಾದ ಈ ಅಧ್ಯಯನ, ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ 50 ಮೀಸಲಾತಿ ಇರುವ ಕರ್ನಾಟಕದವರಿಗೆ ದೂರದ ಕತೆಯಲ್ಲ.

ನಿಮ್ಮನ್ನು ನೀವೇ ಕೇಳಿಕೊಳ್ಳಲು ಐದು ಪ್ರಶ್ನೆ

ಯಾರನ್ನಾದರೂ ಆರಿಸುವ, ತಿರಸ್ಕರಿಸುವ, ಬೈಯುವ, ಹೊಗಳುವ ಮುಂಚೆ ಅರ್ಧ ನಿಮಿಷ ಸಾಕು.

- ಇದೇ ಮಾತನ್ನು ಬೇರೆ ಜಾತಿಯ, ಬೇರೆ ಲಿಂಗದ, ಬೇರೆ ಊರಿನ ವ್ಯಕ್ತಿ ಆಡಿದ್ದರೆ ನನಗೆ ಹೀಗೇ ಅನ್ನಿಸುತ್ತಿತ್ತೇ?
- ನಾನು ಅಳೆಯುತ್ತಿರುವುದು ಈ ಕೆಲಸಕ್ಕೆ ನಿಜವಾಗಿ ಬೇಕೇ?
- ಇವರು ಇಷ್ಟವಾದದ್ದು ಕೆಲಸದಿಂದಲೋ, ನನ್ನಂತೆಯೇ ಇರುವುದರಿಂದಲೋ?
- ಇವರ ಪರವಾಗಿ ನಾನೇ ನಿರ್ಧರಿಸುತ್ತಿದ್ದೇನೆಯೇ, ಅವರನ್ನು ಕೇಳಿದ್ದೇನೆಯೇ?
- ನಾನು ಹಸಿದಿದ್ದೇನೆಯೇ, ದಣಿದಿದ್ದೇನೆಯೇ, ಅವಸರದಲ್ಲಿದ್ದೇನೆಯೇ? ಹಾಗಿದ್ದರೆ ನಿರ್ಧಾರ ನಾಳೆಗೆ ಇಡಬಹುದೇ?

ನಿಮಗೇ ಹೀಗಾಗುತ್ತಿದ್ದರೆ?

ಇಷ್ಟು ಹೊತ್ತು ನಿರ್ಧಾರ ಮಾಡುವವರ ಮಾತಾಯಿತು. ನೀವು ಮೇಜಿನ ಈಚೆ ಬದಿಯಲ್ಲಿದ್ದರೆ ಮೊದಲ ಕೆಲಸ ಬರೆದಿಡುವುದು. ಯಾವ ದಿನ, ಯಾರು, ಏನು ಹೇಳಿದರು, ಯಾರಿದ್ದರು ಎಂದು ಆಯಾ ದಿನವೇ ಬರೆಯಿರಿ. ಬಡ್ತಿ ತಪ್ಪಿದಾಗ “ಯಾಕೆ ಕೊಡಲಿಲ್ಲ?” ಎಂದು ಕೇಳುವುದರ ಜೊತೆಗೆ “ಮುಂದಿನ ಸಲ ಸಿಗಲು ಯಾವ ಅಳತೆ ಮುಟ್ಟಬೇಕು, ಇಮೇಲ್‌ನಲ್ಲಿ ತಿಳಿಸಿ” ಎಂದು ಕೇಳಿ. ಅಳತೆ ಬರಹದಲ್ಲಿದ್ದರೆ ಬದಲಿಸುವುದು ಕಷ್ಟ. ಮೀಟಿಂಗಿನಲ್ಲಿ ಸಹೋದ್ಯೋಗಿಯ ಮಾತು ಕತ್ತರಿಸಿದರೆ “ಅವರು ಹೇಳ್ತಿದ್ದದ್ದು ಮುಗೀಲಿ ಸರ್” ಎನ್ನಿ. ಅದೇ ಮಾತನ್ನು ಅವರೇ ಹೇಳುವುದಕ್ಕಿಂತ ಪಕ್ಕದವರು ಹೇಳುವುದು ಸುಲಭ.

ಕಾನೂನಿನ ಆಸರೆಯೂ ಇದೆ, ಆದರೆ ಅದು ಒಂದೇ ಕಡೆ ಇಲ್ಲ.

- ನೇಮಕಾತಿ ಮತ್ತು ವೇತನದಲ್ಲಿ ಲಿಂಗಭೇದ ಮಾಡುವಂತಿಲ್ಲ. 1976ರ ಸಮಾನ ವೇತನ ಕಾಯ್ದೆಯ ಈ ನಿಯಮ 2019ರ ವೇತನ ಸಂಹಿತೆಯಲ್ಲೂ ಇದೆ.
- ಹೆರಿಗೆ ರಜೆಯಲ್ಲಿರುವಾಗ ಆ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆ ಇದೆ.
- ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ, ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಕಾಯ್ದೆ 2019ರಲ್ಲಿ ಬಂದಿವೆ. ಎರಡರಲ್ಲೂ ಉದ್ಯೋಗದಲ್ಲಿನ ತಾರತಮ್ಯದ ಬಗ್ಗೆ ನಿಯಮಗಳಿವೆ.
- ಲೈಂಗಿಕ ಕಿರುಕುಳ ಪೂರ್ವಗ್ರಹವಲ್ಲ, ಅಪರಾಧ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕು.
- ಜಾತಿನಿಂದನೆ ನಡೆದರೆ 1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಇದೆ.

ಖಾಸಗಿ ನೇಮಕಾತಿಯಲ್ಲಿ ಜಾತಿ, ಧರ್ಮ, ವಯಸ್ಸು, ಭಾಷೆ ಎಲ್ಲದರ ತಾರತಮ್ಯವನ್ನೂ ಒಟ್ಟಾಗಿ ತಡೆಯುವ ಒಂದೇ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಅಲ್ಲಿಯವರೆಗೆ ಆಯಾ ಸಂಸ್ಥೆಯ ನಿಯಮಗಳೇ ಹೆಚ್ಚಿನವರಿಗೆ ಮೊದಲ ಕಾವಲು. ಆದ್ದರಿಂದ ನಿಮ್ಮ ಸಂಸ್ಥೆಯ ನೇಮಕಾತಿ ಮತ್ತು ಬಡ್ತಿಯ ನಿಯಮ ಬರಹದಲ್ಲಿದೆಯೇ ಎಂದು ಕೇಳುವುದು ಸಣ್ಣ ಪ್ರಶ್ನೆಯಲ್ಲ.

ಕೊನೆಯದಾಗಿ

ಪೂರ್ವಗ್ರಹ ಇದೆ ಎಂದರೆ ಕೆಟ್ಟವರು ಎಂದಲ್ಲ. ಇಲ್ಲ ಎಂದು ಹೇಳಿಕೊಂಡ ಮಾತ್ರಕ್ಕೆ ಹೋಗುವುದೂ ಇಲ್ಲ. ಒಗಟಿಗೆ ಉತ್ತರ ಹೊಳೆಯದಿದ್ದರೆ ನಕ್ಕು ಬಿಡಬಹುದು. ಮುಂದಿನ ಸಂದರ್ಶನಕ್ಕೆ ಕೂರುವ ಮುನ್ನ ಅಳತೆಯ ನಾಲ್ಕು ಸಾಲು ಬರೆದಿಟ್ಟುಕೊಂಡರೆ, ಹೆಸರಿನಿಂದಲೇ ಹಿಂದೆ ಬೀಳಬೇಕಿದ್ದ ಒಬ್ಬರ ಅರ್ಜಿ ಮೇಲೆ ಬರಬಹುದು.

ಈ ಲೇಖನವನ್ನು ಯಾರಿಗೆ ಕಳಿಸಬೇಕು ಎಂದು ಯೋಚಿಸುತ್ತಿದ್ದರೆ, ನಿಮ್ಮ ಪರಿಚಯದಲ್ಲಿ ಜನರನ್ನು ಕೆಲಸಕ್ಕೆ ಆರಿಸುವವರು ಯಾರಿದ್ದಾರೋ ಅವರಿಗೆ ಮೊದಲು ಕಳಿಸಿ.